26ಕ್ಕೆ ರಿಟೈರ್, 37ಕ್ಕೆ ರಿಟರ್ನ್: ಕಿಮಿಕೊ ದಾತೆಯ ಎರಡು ಇನ್ನಿಂಗ್ಸ್



ಕಳೆದ ಸಂಚಿಕೆ ಆದ ಮೇಲೆ ಬಂದ ಮೆಸೇಜುಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಇತ್ತು. "26 ಆಯ್ತು, ಫೀಲ್ಡ್ ಚೇಂಜ್ ಮಾಡೋಕೆ ಲೇಟ್ ಆಯ್ತಾ?" "ಎರಡು ವರ್ಷ ಗ್ಯಾಪ್ ಇದೆ, ವಾಪಸ್ ಹೋದ್ರೆ ತಗೋತಾರಾ?" ಇದಕ್ಕೆ ನಾನು ಉಪದೇಶ ಮಾಡೋಕೆ ಹೋಗಲ್ಲ, ಆ ವಯಸ್ಸು ನನಗೂ ಆಗಿಲ್ಲ. ಅದರ ಬದಲು ಒಬ್ಬ ಟೆನಿಸ್ ಆಟಗಾರ್ತಿಯ ಲೆಕ್ಕ ಪುಸ್ತಕ ತೆಗೆದು ನೋಡೋಣ. ಹೆಸರು ಕಿಮಿಕೊ ದಾತೆ. ಇಂಗ್ಲಿಷ್ ಸ್ಪೆಲಿಂಗ್ ನೋಡಿದ್ರೆ ಎಲ್ಲರೂ 'ಡೇಟ್' ಅಂತ ಓದ್ತಾರೆ, ನಾನೂ ಹಾಗೇ ಓದಿದ್ದೆ. ಆದರೆ ಅದು ದಾತೆ.

ಹುಟ್ಟಿದ್ದು 1970ರ ಸೆಪ್ಟೆಂಬರ್ 28ರಂದು, ಜಪಾನಿನ ಕ್ಯೋಟೋದಲ್ಲಿ. ನಮ್ಮ ಅನಿಲ್ ಕುಂಬ್ಳೆ ಹುಟ್ಟಿದ್ದು ಅದೇ ವರ್ಷ ಅಕ್ಟೋಬರ್ 17ಕ್ಕೆ. ಅಂದರೆ ಮೂರು ವಾರದ ವ್ಯತ್ಯಾಸ ಅಷ್ಟೇ. ಇದನ್ನ ನೆನಪಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೊದಲ ಇನ್ನಿಂಗ್ಸ್

ದಾತೆ ಹುಟ್ಟಾ ಎಡಗೈಯವರು. ಆದರೆ ಟೆನಿಸ್ ಆಡಿದ್ದೆಲ್ಲ ಬಲಗೈಲಿ. ಅವರ ಆಟದ ಗುಟ್ಟು ಮಾತ್ರ ಕೈಯಲ್ಲಿರಲಿಲ್ಲ, ಟೈಮಿಂಗ್‌ನಲ್ಲಿತ್ತು. ಸಾಮಾನ್ಯವಾಗಿ ಚೆಂಡು ನೆಲಕ್ಕೆ ಬಿದ್ದು, ಪುಟಿದು, ಮೇಲೆ ಹೋಗಿ, ಸ್ವಲ್ಪ ಇಳಿಯೋವರೆಗೆ ಆಟಗಾರರು ಕಾಯ್ತಾರೆ. ದಾತೆ ಕಾಯ್ತಿರಲಿಲ್ಲ. ಚೆಂಡು ಇನ್ನೂ ಮೇಲೇಳುತ್ತಿರುವಾಗಲೇ, ಬೇಸ್‌ಲೈನ್‌ಗೆ ಅಂಟಿಕೊಂಡು ನಿಂತು, ರ‍್ಯಾಕೆಟನ್ನ ಹೆಚ್ಚು ಹಿಂದಕ್ಕೆ ಎಳೆಯದೆ ಚಪ್ಪಟೆಯಾಗಿ ಹೊಡೆದುಬಿಡ್ತಿದ್ದರು.

ಇದರಿಂದ ಎರಡು ಲಾಭ. ಒಂದು, ಎದುರಾಳಿಗೆ ಸುಧಾರಿಸಿಕೊಳ್ಳೋಕೆ ಸಮಯವೇ ಸಿಗಲ್ಲ. ಎರಡು, ವೇಗಕ್ಕೆ ತಾನು ಖರ್ಚು ಮಾಡಬೇಕಾಗಿಲ್ಲ. ಎದುರಿನವರು ಜೋರಾಗಿ ಹೊಡೆದಷ್ಟೂ ಅದೇ ವೇಗ ವಾಪಸ್ ಹೋಗುತ್ತೆ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಬೇರೆಯವರ ಬಂಡವಾಳದಲ್ಲಿ ವ್ಯಾಪಾರ. ಎತ್ತರ ಐದೂ ಕಾಲು ಅಡಿಯ ಆಸುಪಾಸು ಇದ್ದ ಆಟಗಾರ್ತಿಗೆ ಇದಕ್ಕಿಂತ ಒಳ್ಳೆ ಬಿಸಿನೆಸ್ ಮಾಡೆಲ್ ಇರಲಿಲ್ಲ.

ಫಲಿತಾಂಶ ನೋಡಿ. 1994ರಲ್ಲಿ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್. 1995ರಲ್ಲಿ ಫ್ರೆಂಚ್ ಓಪನ್ ಸೆಮಿಫೈನಲ್. ಅದೇ ವರ್ಷ ನವೆಂಬರ್‌ನಲ್ಲಿ ವಿಶ್ವ ರ‍್ಯಾಂಕಿಂಗ್ 4. ಜಪಾನಿನ ಯಾವ ಮಹಿಳೆಯೂ ಅಲ್ಲಿವರೆಗೆ ಆ ಎತ್ತರಕ್ಕೆ ಹೋಗಿರಲಿಲ್ಲ.

ಆಮೇಲೆ ಬಂತು 1996. ಏಪ್ರಿಲ್‌ನಲ್ಲಿ ಟೋಕಿಯೊದಲ್ಲಿ ಫೆಡ್ ಕಪ್, ಜಪಾನ್ ವಿರುದ್ಧ ಜರ್ಮನಿ. ಎದುರಿಗೆ ಸ್ಟೆಫಿ ಗ್ರಾಫ್. ಮೂರನೇ ಸೆಟ್ 12–10ಕ್ಕೆ ಹೋಯ್ತು, ಗೆದ್ದಿದ್ದು ದಾತೆ. ಜುಲೈನಲ್ಲಿ ವಿಂಬಲ್ಡನ್ ಸೆಮಿಫೈನಲ್, ಮತ್ತೆ ಅದೇ ಗ್ರಾಫ್. ಪ್ರೇಕ್ಷಕನೊಬ್ಬ "ಸ್ಟೆಫಿ, ನನ್ನ ಮದುವೆ ಆಗ್ತೀಯಾ?" ಅಂತ ಕೂಗಿದ್ದು, ಗ್ರಾಫ್ "ನಿನ್ನ ಹತ್ರ ಎಷ್ಟು ದುಡ್ಡಿದೆ?" ಅಂತ ಕೇಳಿದ್ದು, ಇವತ್ತಿಗೂ ರೀಲ್ಸ್‌ನಲ್ಲಿ ಓಡಾಡುತ್ತಲ್ಲ, ಅದು ಇದೇ ಪಂದ್ಯ. ಕ್ಲಿಪ್ ನೋಡಿದವರು ಬಹಳ ಜನ. ನೆಟ್‌ನ ಈಚೆ ನಿಂತಿದ್ದು ಯಾರು ಅಂತ ಗೊತ್ತಿರೋರು ಕಡಿಮೆ.

ಆ ದಿನ ಗ್ರಾಫ್ ಮೊದಲ ಸೆಟ್ 6–2 ಗೆದ್ದರು. ಎರಡನೇ ಸೆಟ್‌ನಲ್ಲಿ 0–2 ಹಿಂದಿದ್ದ ದಾತೆ ಸತತ ಆರು ಗೇಮ್ ಗೆದ್ದು 6–2 ಮಾಡಿಕೊಂಡರು. ಆಟದ ಹರಿವು ಪೂರ್ತಿ ಅವರ ಕಡೆ ಇತ್ತು. ಅಷ್ಟರಲ್ಲಿ ಕತ್ತಲಾಯ್ತು. ಆಗ ಸೆಂಟರ್ ಕೋರ್ಟ್‌ಗೆ ಮುಚ್ಚುವ ಛಾವಣಿ ಇರಲಿಲ್ಲ, ದೀಪವೂ ಇರಲಿಲ್ಲ. ಪಂದ್ಯ ಮರುದಿನಕ್ಕೆ ಹೋಯ್ತು. ಮರುದಿನ ಗ್ರಾಫ್ 6–3ರಲ್ಲಿ ಮುಗಿಸಿದರು.

ಆಗಸ್ಟ್‌ನಲ್ಲಿ ದಾತೆ ಸ್ಯಾನ್ ಡಿಯೆಗೊ ಟೂರ್ನಿ ಗೆದ್ದರು. ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ನವೆಂಬರ್‌ನಲ್ಲಿ ಕೊನೆಯ ಪಂದ್ಯ. ವಯಸ್ಸು 26. ಟಾಪ್ 10ರಲ್ಲಿ ಇರುವಾಗಲೇ, ಗೆಲ್ಲುತ್ತಿರುವಾಗಲೇ. ವರ್ಷವಿಡೀ ಸೂಟ್‌ಕೇಸ್ ಹಿಡಿದು ದೇಶ ದೇಶ ಸುತ್ತುವ ಬದುಕು ಅವರಿಗೆ ಸಾಕಾಗಿ ಹೋಗಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ನಮ್ಮ ಮನೆಗಳಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಏನಂತಾರೆ? "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ" ಅಂತಾರೆ. ಆದ್ರೆ ಇಲ್ಲಿ ತುತ್ತು ಬಾಯಿಗೇ ಬಂದಿತ್ತು, ರುಚಿ ಸೇರಲಿಲ್ಲ. ಎರಡೂ ಬೇರೆ ಬೇರೆ.

ಹನ್ನೆರಡು ವರ್ಷದ ಖಾಲಿ ಪುಟ

2001ರಲ್ಲಿ ಜರ್ಮನಿಯ ರೇಸ್ ಕಾರ್ ಚಾಲಕ ಮೈಕಲ್ ಕ್ರುಮ್ ಜೊತೆ ಮದುವೆ. 2004ರಲ್ಲಿ ಲಂಡನ್ ಮ್ಯಾರಥಾನ್ ಓಡಿದರು. ವೃತ್ತಿಪರ ಟೆನಿಸ್ ಮಾತ್ರ ಇಲ್ಲ. ವಾಪಸ್ ಆಡು ಅಂತ ಹುರಿದುಂಬಿಸಿದವರಲ್ಲಿ ಗಂಡನೂ ಒಬ್ಬರು. 2008ರ ಮಾರ್ಚ್‌ನಲ್ಲಿ ಟೋಕಿಯೊದಲ್ಲಿ ಗ್ರಾಫ್, ನವ್ರಾಟಿಲೋವಾ ಜೊತೆ ಒಂದು ಪ್ರದರ್ಶನ ಪಂದ್ಯ. ಅದಕ್ಕೆ ಅಂತ ತಯಾರಿ ಮಾಡ್ತಾ ಮಾಡ್ತಾ ಆಟದ ಆಸೆ ಮತ್ತೆ ಚಿಗುರಿತು. ಏಪ್ರಿಲ್‌ನಲ್ಲಿ ಘೋಷಣೆ: ಮತ್ತೆ ಆಡ್ತೀನಿ. ವಯಸ್ಸು 37.

ಈಗ ಲೆಕ್ಕಾಚಾರ. ಟೆನಿಸ್ ರ‍್ಯಾಂಕಿಂಗ್ ಅನ್ನೋದು ಬ್ಯಾಂಕ್ ಎಫ್‌ಡಿ ಅಲ್ಲ, ಇಟ್ಟಿದ್ದು ಹಾಗೇ ಬೆಳೀತಾ ಇರೋಕೆ. ಅದು 52 ವಾರದ ಲೆಡ್ಜರ್. ಈ ವಾರ ಗಳಿಸಿದ ಪಾಯಿಂಟ್ ಮುಂದಿನ ವರ್ಷ ಇದೇ ವಾರಕ್ಕೆ ಅಳಿಸಿ ಹೋಗುತ್ತೆ. ಗಾಯದಿಂದ ಕೆಲ ಕಾಲ ಹೊರಗಿದ್ದವರಿಗೆ ಹಳೇ ರ‍್ಯಾಂಕ್ ಬಳಸೋ ಸೌಲಭ್ಯ ಇದೆ. ಆದರೆ 12 ವರ್ಷದ ಹಿಂದೆ ಬಿಟ್ಟು ಹೋದವರಿಗೆ ಏನೂ ಇಲ್ಲ. ಮಾಜಿ ನಂಬರ್ 4ರ ಓಪನಿಂಗ್ ಬ್ಯಾಲೆನ್ಸ್: ಸೊನ್ನೆ.

ಹಾಗಾಗಿ ಶುರು ಮಾಡಿದ್ದು ಗಿಫು ಅನ್ನೋ ಊರಿನ ಸಣ್ಣ ಟೂರ್ನಿಯಿಂದ, ಅದೂ ಅರ್ಹತಾ ಸುತ್ತಿನಿಂದ. ಒಂದೊಂದೇ ಪಂದ್ಯ ಗೆದ್ದು ಫೈನಲ್‌ವರೆಗೆ ಹೋದರು. ಫೈನಲ್‌ನಲ್ಲಿ ಥಾಯ್ಲೆಂಡಿನ ತಮರಿನ್ ತನಸುಗಾರ್ನ್ ಎದುರು ಸೋತರು, ಆದರೆ ಕುರುಮಿ ನಾರಾ ಜೊತೆ ಡಬಲ್ಸ್ ಗೆದ್ದರು. ನಾರಾ ಆಗ ಇನ್ನೂ ಹದಿಹರೆಯದ ಹುಡುಗಿ.

ಕುಂಬ್ಳೆ ವಿಷಯ ಈಗ. 2008ರ ನವೆಂಬರ್‌ನಲ್ಲಿ ಕುಂಬ್ಳೆ ದೆಹಲಿಯ ಕೋಟ್ಲಾ ಮೈದಾನದಲ್ಲಿ ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದರು. ಅದೇ ನವೆಂಬರ್‌ನಲ್ಲಿ ದಾತೆ ಜಪಾನಿನ ರಾಷ್ಟ್ರೀಯ ಚಾಂಪಿಯನ್ ಆದರು. ಇಬ್ಬರಿಗೂ 38. ಒಂದೇ ವಯಸ್ಸಿಗೆ ಒಬ್ಬರು ಹೊರಟರು, ಇನ್ನೊಬ್ಬರು ಬಂದರು. ಇಬ್ಬರದ್ದೂ ತಪ್ಪಲ್ಲ.

ಎರಡನೇ ಇನ್ನಿಂಗ್ಸ್

2009ರ ಸೆಪ್ಟೆಂಬರ್ 27, ಸೋಲ್ ನಗರ. ದಾತೆ ಅನಾಬೆಲ್ ಮೆಡಿನಾ ಗ್ಯಾರಿಗೆಸ್ ಅವರನ್ನ 6–3, 6–3ರಲ್ಲಿ ಸೋಲಿಸಿ ಡಬ್ಲ್ಯುಟಿಎ ಪ್ರಶಸ್ತಿ ಗೆದ್ದರು. ಮರುದಿನ ಅವರಿಗೆ 39 ತುಂಬಿತು. ಅವರಿಗಿಂತ ಹೆಚ್ಚು ವಯಸ್ಸಲ್ಲಿ ಪ್ರಶಸ್ತಿ ಗೆದ್ದಿದ್ದವರು ಬಿಲ್ಲಿ ಜೀನ್ ಕಿಂಗ್ ಒಬ್ಬರೇ. ಇದು ದಾತೆಯ ಎಂಟನೇ ಸಿಂಗಲ್ಸ್ ಪ್ರಶಸ್ತಿ. ಏಳನೆಯದು ಸ್ಯಾನ್ ಡಿಯೆಗೊ, 13 ವರ್ಷದ ಹಿಂದೆ!

2010ರಲ್ಲಿ ಫ್ರೆಂಚ್ ಓಪನ್‌ನಲ್ಲಿ ದಿನಾರಾ ಸಫಿನಾ, ಟೋಕಿಯೊದಲ್ಲಿ ಮರಿಯಾ ಶರಪೋವಾ ಸೋತರು. ಇಬ್ಬರೂ ಮಾಜಿ ನಂಬರ್ 1. ಅಷ್ಟು ಹೊತ್ತಿಗೆ ಮಹಿಳಾ ಟೆನಿಸ್ ಪೂರ್ತಿ ಬದಲಾಗಿತ್ತು, ಎತ್ತರ, ತಾಕತ್ತು, ಟಾಪ್‌ಸ್ಪಿನ್. ಹಾಗಾದ್ರೆ 90ರ ದಶಕದ ಆಟ ಹೇಗೆ ಕೆಲಸ ಮಾಡಿತು? ನೆಲಕ್ಕೆ ಅಂಟಿಕೊಂಡು ಜಾರುವ ಆ ಚಪ್ಪಟೆ ಚೆಂಡು ಹೊಸ ಪೀಳಿಗೆಗೆ ಅಭ್ಯಾಸವೇ ಇರಲಿಲ್ಲ. ಹಳೇ ಸ್ಟಾಕ್ ಅಂತ ಗೋಡೌನ್‌ನಲ್ಲಿ ಬಿದ್ದಿದ್ದು ಅಪರೂಪದ ಮಾಲಾಗಿ ಹೋಗಿತ್ತು.

2011ರ ವಿಂಬಲ್ಡನ್, ಎರಡನೇ ಸುತ್ತು, ಸೆಂಟರ್ ಕೋರ್ಟ್. ಎದುರಿಗೆ ಐದು ಸಲದ ಚಾಂಪಿಯನ್ ವೀನಸ್ ವಿಲಿಯಮ್ಸ್. ಹೊರಗೆ ಮಳೆ, ಮೇಲೆ ಹೊಸ ಛಾವಣಿ ಮುಚ್ಚಿತ್ತು. 40 ವರ್ಷದ ದಾತೆ ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಗೆದ್ದರು, ಎರಡನೆಯದು ಸೋತರು, ಮೂರನೆಯದು 6–8ಕ್ಕೆ ಕೈಜಾರಿತು. ಸುಮಾರು ಮೂರು ಗಂಟೆಯ ಪಂದ್ಯ. 1996ರಲ್ಲಿ ಈ ಛಾವಣಿ, ಈ ದೀಪ ಇದ್ದಿದ್ರೆ ಅನ್ನೋ ಯೋಚನೆ ನನಗೆ ಬಾರದೇ ಇರಲಿಲ್ಲ. 2013ರ ಆಸ್ಟ್ರೇಲಿಯನ್ ಓಪನ್‌ನಲ್ಲಿ 12ನೇ ಶ್ರೇಯಾಂಕದ ನಾಡಿಯಾ ಪೆಟ್ರೋವಾ ವಿರುದ್ಧ 6–2, 6–0. ಆಗ ವಯಸ್ಸು 42.

ಬ್ಯಾಲೆನ್ಸ್ ಶೀಟ್

ಇಷ್ಟು ಹೇಳಿ ಮುಗಿಸಿದ್ರೆ ಇದು ಮೋಟಿವೇಷನ್ ವಿಡಿಯೋ ಆಗುತ್ತೆ. ಇನ್ನೊಂದು ಕಾಲಂ ಕೂಡ ಓದಬೇಕು.

ಎರಡನೇ ಇನ್ನಿಂಗ್ಸ್‌ನಲ್ಲಿ ಅವರು ಟಾಪ್ 50ರ ಒಳಗೆ ಬಂದರು, ಆದರೆ ಟಾಪ್ 10 ಹತ್ತಿರ ಸುಳಿಯಲಿಲ್ಲ. ಸಿಂಗಲ್ಸ್‌ನಲ್ಲಿ ಮತ್ತೆ ಗ್ರಾಂಡ್ ಸ್ಲಾಮ್ ಸೆಮಿಫೈನಲ್ ಸಿಗಲಿಲ್ಲ. ಮೊದಲ ಸುತ್ತಲ್ಲೇ ಸೋತು ಮನೆಗೆ ಹೋದ ಟೂರ್ನಿಗಳು ಬೇಕಾದಷ್ಟು. 2016ರಲ್ಲಿ ಮಂಡಿಗೆ ಎರಡು ಸಲ ಶಸ್ತ್ರಚಿಕಿತ್ಸೆ. ಅದಾದ ಮೇಲೂ ವಾಪಸ್ ಬಂದು, 2017ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ಕೊನೆಯ ಪಂದ್ಯ ಆಡಿದರು. ಸ್ಕೋರು 0–6, 0–6. ತಮ್ಮ ಊರ ಜನರ ಮುಂದೆ, ಒಂದು ಗೇಮ್ ಕೂಡ ಇಲ್ಲದೆ.

ಮತ್ತೆ, ಅವರು ಸೊನ್ನೆಯಿಂದ ಶುರು ಮಾಡಿದ್ದು ರ‍್ಯಾಂಕಿಂಗ್‌ನಲ್ಲಿ ಮಾತ್ರ. ಹೆಸರಿತ್ತು, ದೇಶವೇ ಗುರುತಿಸುತ್ತಿತ್ತು, ಕೈಯಲ್ಲಿ ವಿದ್ಯೆ ಇತ್ತು. ಮನೆ ಬಾಡಿಗೆ, ಎಜುಕೇಷನ್ ಲೋನ್ ತಲೆ ಮೇಲಿರೋ ನಮಗೆ ನಿಮಗೆ "ದಾತೆ ಮಾಡಿಲ್ವಾ, ನೀನೂ ಬಿಟ್ಟುಬಿಡು" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಹಾಗಾದ್ರೆ ನಾನು ಇಲ್ಲಿಂದ ಏನು ತಗೊಂಡೆ? ಕಾಮರ್ಸ್‌ನಲ್ಲಿ ಸಂಕ್ ಕಾಸ್ಟ್ ಅಂತ ಓದಿದ್ವಿ. ಈಗಾಗಲೇ ಹಾಕಿದ ದುಡ್ಡು ವಾಪಸ್ ಬರಲ್ಲ, ಅದನ್ನ ನೋಡಿ ಮುಂದಿನ ನಿರ್ಧಾರ ಮಾಡಬೇಡಿ ಅಂತ. 26ರ ದಾತೆ ಮಾಡಿದ್ದು ಅದನ್ನೇ. ಆದರೆ ಪುಸ್ತಕದಲ್ಲಿ ಇಲ್ಲದ ಇನ್ನೊಂದು ವಿಷಯ ಇದೆ. ರ‍್ಯಾಂಕಿಂಗ್ ಪಾಯಿಂಟ್ 52 ವಾರಕ್ಕೆ ಅಳಿಸಿ ಹೋಗುತ್ತೆ, ಮೇಲೇಳುವ ಚೆಂಡನ್ನ ಹೊಡೆಯೋ ಕಲೆ ಅಳಿಸಿ ಹೋಗಲ್ಲ. ನಿಮ್ಮ ಗ್ಯಾಪ್ ವರ್ಷಗಳ ಬಗ್ಗೆ ಯೋಚಿಸುವಾಗ ಯಾವುದು ಪಾಯಿಂಟು, ಯಾವುದು ಕಲೆ ಅಂತ ಬೇರೆ ಬೇರೆ ಕಾಲಂನಲ್ಲಿ ಬರೆದು ನೋಡಿ. ನಾನೂ ಬರೆದು ನೋಡಿದೆ. ಕಲೆಯ ಕಾಲಂನಲ್ಲಿ ನಾಲ್ಕೇ ಸಾಲಿತ್ತು, ಆದರೆ ಸೊನ್ನೆ ಇರಲಿಲ್ಲ.

ನಿಮ್ಮ ಪಟ್ಟಿಯಲ್ಲಿ ಏನಿದೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.