ಲಿಂಗತ್ವನಿರ್ಣಯದ ಕಾಯಿದೆಗಳೂ ಅಪ್ರಾಪ್ತವಯಸ್ಕರೂ

ಸಂಸ್ಕೃತದಲ್ಲಿ ಲಿಂಗವು ಶಬ್ದವನ್ನು ಆಶ್ರಯಿಸಿರುವುದು. ಕನ್ನಡದಲ್ಲಾದರೋ ಅರ್ಥವನ್ನು ಆಶ್ರಯಿಸಿರುವುದು. ಈ ಭೇದವು ವ್ಯಾಕರಣವನ್ನು ಬೋಧಿಸುವವರಿಗೆಲ್ಲ ವಿದಿತವಾದುದೇ. ಮನುಷ್ಯರ ಲಿಂಗತ್ವವನ್ನು ದೇಹದಿಂದ ನಿರ್ಣಯಿಸಬೇಕೋ ಅವರವರ ಅಂತಃಪ್ರತ್ಯಯದಿಂದ ನಿರ್ಣಯಿಸಬೇಕೋ ಎಂಬ ಇಂಥದೇ ಪ್ರಶ್ನೆಯು ಭಾರತದ ಕಾಯಿದೆಗಳಲ್ಲಿಯೂ ತಲೆದೋರಿದೆ. ಅದಕ್ಕೆ ಸರಕಾರಗಳು ಕೊಟ್ಟ ಉತ್ತರಗಳು ಎಳೆಯರ ಬಾಳನ್ನು ಹೇಗೆ ಮುಟ್ಟಿವೆಯೆಂಬುದೇ ಪ್ರಕೃತ ವಿಚಾರಣೀಯವಾದ ವಿಷಯ.

1871ರ 27ನೆಯ ಕಾಯಿದೆಯು ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯೆಂದು ಪ್ರಸಿದ್ಧವಾದುದು. ಅದರ ಎರಡನೆಯ ಭಾಗವು ಆಂಗ್ಲ ಅಧಿಕಾರಿಗಳು ನಪುಂಸಕರೆಂದು ಕರೆದವರನ್ನು ಕುರಿತದ್ದು. ವಾಯವ್ಯ ಪ್ರಾಂತ್ಯವೇ ಮೊದಲಾದ ಉತ್ತರದ ಪ್ರದೇಶಗಳಲ್ಲಿ ಹಿಜಡಾ ಸಮುದಾಯದವರ ಮೇಲೆ ಪ್ರಯುಕ್ತವಾಯಿತು. ತಾವಾಗಿ ಒಪ್ಪಿಕೊಂಡವರನ್ನೂ ವೈದ್ಯಪರೀಕ್ಷೆಯಿಂದ ಪುಂಸ್ತ್ವಹೀನರೆಂದು ತೋರಿದವರನ್ನೂ ಅದು ಆ ವರ್ಗಕ್ಕೆ ಸೇರಿಸಿತು. ಅವರಲ್ಲಿ ಬಾಲಾಪಹಾರವೇ ಮೊದಲಾದ ಶಂಕೆಗೆ ಗುರಿಯಾದವರ ಹೆಸರುಗಳು ದಫ್ತರಕ್ಕೆ ಏರುತ್ತಿದ್ದುವು. ಹಾಗೆ ದಾಖಲಾದವರು 16 ವರ್ಷ ತುಂಬದ ಹುಡುಗನನ್ನು ಮನೆಯಲ್ಲಿ ಇರಿಸಿಕೊಂಡರೆ ಅದೇ ಅಪರಾಧ. ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದಾಗಿತ್ತು. ಹುಡುಗನನ್ನು ಮ್ಯಾಜಿಸ್ಟ್ರೇಟರು ತಂದೆತಾಯಿಗಳಿಗೆ ಒಪ್ಪಿಸಬಹುದಾಗಿತ್ತು. ಅವರು ಸಿಕ್ಕದಿದ್ದರೆ ಬೇರೆ ಪೋಷಣೆಯನ್ನು ಏರ್ಪಡಿಸಬಹುದಾಗಿತ್ತು. ಅವನು ಆ ಮನೆಗೆ ಏಕೆ ಬಂದನೆಂಬ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ.

ಈ ಮಾದರಿಯ ಕಾಯಿದೆಯೊಂದು ಫಸಲಿ 1329ರಲ್ಲಿ, ಎಂದರೆ 1919ರ ಸುಮಾರಿನಲ್ಲಿ, ಹೈದರಾಬಾದು ಸಂಸ್ಥಾನದಲ್ಲಿಯೂ ಹುಟ್ಟಿತು. ಬೀದರ, ಕಲಬುರಗಿ, ರಾಯಚೂರುಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದುವೆಂಬುದನ್ನು ಮರೆಯಲಾಗದು. ತೆಲಂಗಾಣದಲ್ಲಿ ಉಳಿದುಬಂದಿದ್ದ ಆ ಕಾಯಿದೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2023ರಲ್ಲಿ ಸಂವಿಧಾನವಿರುದ್ಧವೆಂದು ರದ್ದುಗೊಳಿಸಿತು.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಪೂರ್ವದೃಷ್ಟಿಯನ್ನು ತಿರುಗಿಸಿತು. ಲಿಂಗತ್ವಕ್ಕೆ ವ್ಯಕ್ತಿಯ ಅಂತಃಪ್ರತ್ಯಯವೇ ಪ್ರಮಾಣ, ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಸಲ್ಲದು ಎಂಬುದು ಆ ತೀರ್ಪಿನ ಸಾರ. ತರುವಾಯ 2019ರಲ್ಲಿ ಸಂಸತ್ತು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗಾಗಿ ಕಾಯಿದೆಯೊಂದನ್ನು ಅಂಗೀಕರಿಸಿತು. ಅಂಗೀಕೃತವಾದ ರೂಪದಲ್ಲಿ ಅದು ವಿದ್ಯಾಸಂಸ್ಥೆಗಳಲ್ಲಿ ಭೇದಭಾವವನ್ನು ನಿಷೇಧಿಸಿತು. ಈ ಕಾರಣಕ್ಕಾಗಿ ಮಗುವನ್ನು ನ್ಯಾಯಾಲಯದ ಆಜ್ಞೆಯಿಲ್ಲದೆ ತಂದೆತಾಯಿಗಳಿಂದ ಅಗಲಿಸಲಾಗದೆಂದಿತು. ಗುರುತಿನ ಪ್ರಮಾಣಪತ್ರಕ್ಕೆ ಅಪ್ರಾಪ್ತವಯಸ್ಕರ ಪರವಾಗಿ ತಂದೆತಾಯಿಗಳು ಅಥವಾ ಪೋಷಕರು ಅರ್ಜಿ ಸಲ್ಲಿಸಬೇಕೆಂದು ವಿಧಿಸಿತು.

ತೊಡಕು ಇದ್ದುದು ಇಲ್ಲಿಯೇ. ಮನೆಯವರು ಮಗುವಿನ ಮಾತನ್ನು ಒಪ್ಪಿದರೆ ಆ ರೂಪದ ಕಾಯಿದೆಯು ಆಸರೆಯಾಗುತ್ತಿತ್ತು. ಒಪ್ಪದಿದ್ದರೆ ಅಂತಃಪ್ರತ್ಯಯದ ಹಕ್ಕು 18 ವರ್ಷ ತುಂಬುವವರೆಗೆ ಕಾಯಬೇಕಾಗಿತ್ತು. ಅಷ್ಟರಲ್ಲಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯು ಹಳೆಯ ಹೆಸರಿನಲ್ಲಿಯೇ ಅಚ್ಚಾಗಿರುತ್ತಿತ್ತು. ಮನೆಯವರಿಂದ ಪೋಷಣೆ ಅಸಾಧ್ಯವಾದಾಗ ನ್ಯಾಯಾಲಯವು ಪುನರ್ವಸತಿ ಕೇಂದ್ರವನ್ನು ಸೂಚಿಸಬೇಕೆಂದು ಕಾಯಿದೆಯು ಹೇಳಿತೇ ಹೊರತು, ಮನೆ ಬಿಟ್ಟ ಎಷ್ಟೋ ಎಳೆಯರಿಗೆ ನೆಲೆಯಾಗಿರುವ ಗುರುಶಿಷ್ಯ ಪರಂಪರೆಯ ಮನೆಯನ್ನು ಕುಟುಂಬವೆಂದು ಎಣಿಸಲಿಲ್ಲ. ರಕ್ತ, ವಿವಾಹ, ದತ್ತಕ ಈ ಮೂರರಿಂದಾದ ಸಂಬಂಧವೇ ಅಲ್ಲಿ ಕುಟುಂಬ. 1871ರ ಕಾಯಿದೆಗೆ ಆ ಮನೆಯು ಅಪರಾಧಸ್ಥಾನವಾಗಿತ್ತು. 2019ರದಕ್ಕೆ ಅದು ಕಾಣಿಸಲೇ ಇಲ್ಲ. ಎಳೆಯರನ್ನು ವಂಚನೆಯಿಂದ ಕಾಪಾಡಬೇಕೆಂಬ ಕಾಳಜಿಯು ನ್ಯಾಯವಾದುದೇ. ಆದರೆ ತಂದೆತಾಯಿಗಳ ಮನೆಯೇ ಸದಾ ರಕ್ಷೆಯೆಂಬ ಎಣಿಕೆಯು ಎಲ್ಲರ ವಿಷಯದಲ್ಲಿ ಸಲ್ಲುವುದಿಲ್ಲ.

ಕರ್ನಾಟಕ ಸರಕಾರವು 2017ರಲ್ಲಿ ಈ ಸಮುದಾಯಕ್ಕಾಗಿ ನೀತಿಯೊಂದನ್ನು ರೂಪಿಸಿತು. 2021ರಲ್ಲಿ ರಾಜ್ಯದ ಸಿವಿಲ್ ಸೇವೆಗಳಲ್ಲಿ ಶೇಕಡಾ 1ರ ಮೀಸಲಾತಿಯನ್ನು ಕಲ್ಪಿಸಿತು. ಇದು ಸ್ತುತ್ಯವಾದ ಕಾರ್ಯ. ಆದರೂ ಹುದ್ದೆಗೆ ವಿದ್ಯಾರ್ಹತೆ ಬೇಕು. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಸಹಪಾಠಿಗಳ ಹಾಸ್ಯಕ್ಕೆ ಅಂಜಿ ಶಾಲೆ ಬಿಟ್ಟವರಿಗೆ ಆ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ. ಆದಕಾರಣ ಮೀಸಲಾತಿಯ ಸಾಫಲ್ಯವು ತರಗತಿಯಲ್ಲಿ ನಿರ್ಣಯವಾಗುವಂಥದು. ಹಾಜರಿ ಕರೆಯುವಾಗ ಯಾವ ಹೆಸರನ್ನು ಹೇಳಬೇಕು, ‘ಅವನು’ ‘ಅವಳು’ ಎಂಬವುಗಳಲ್ಲಿ ಯಾವುದು ಸಲ್ಲುವುದು ಎಂಬ ಪ್ರಶ್ನೆಯು ಯಾವ ಅರ್ಜಿಗಿಂತಲೂ ಮೊದಲು ಉಪಾಧ್ಯಾಯರ ಮುಂದೆ ಬರುತ್ತದೆ. ಸ್ತ್ರೀಪುರುಷಭೇದವಿಲ್ಲದೆ ಗೌರವವನ್ನು ಸೂಚಿಸುವ ‘ಅವರು’ ಎಂಬ ಸರ್ವನಾಮವು ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಅದನ್ನು ಪ್ರಯೋಗಿಸಲು ಯಾವ ಪ್ರಮಾಣಪತ್ರವೂ ಬೇಕಾಗಿಲ್ಲ.