ಕಬ್ಬಿಣ ಹಳೇದು, ತಾಮ್ರ ಹೊಸದು

ಕಳೆದ ಮಾಘದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಡಿಯಲ್ಲಿರುವ ನಮ್ಮ ಮನೆಗೆ ಬಂದ. ಐಟಿಐಯಲ್ಲಿ ನನ್ನ ಕೈಕೆಳಗೆ ಫಿಟ್ಟರ್ ಕಲಿತವನು. ಏಳು ವರ್ಷ ಗೋವಾದಲ್ಲಿ ಕಿಟಕಿ ಗ್ರಿಲ್ ಕೂರಿಸುತ್ತ ದುಡಿದು, ಸಿಂದಗಿಯಲ್ಲಿ ಸ್ವಂತ ರಿಪೇರಿ ಅಂಗಡಿ ತೆರೆಯಬೇಕೆಂದು ಊರಿಗೆ ಮರಳಿದ್ದ. ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ನನ್ನ ಮುಂದೆ ಬಿಡಿಸಿದ.

"ಸರ್ರ, ಹುಬ್ಬಳ್ಳ್ಯಾಗ ಕೊಟೇಶನ್ ತಗೊಂಡ ಬಂದೀನ್ರಿ. ಎಲ್ಲಾ ಹೊಸಾವು ಅಂದ್ರ ಒಂದು ಲಕ್ಷ ಹದಿನೆಂಟು ಸಾವಿರ ಆಗತೈತಿ. ನನ್ನ ಹಂತ್ಯಾಕ ಇರೂದು ಐವತ್ತೈದು."

"ಉಳಿದದ್ದಕ್ಕ?"

"ಸಾಲಾ ಮಾಡ್ಬೇಕ್ರಿ."

ಹಾಳೆಯನ್ನು ಓದಿದೆ. ಬೆಂಚ್ ವೈಸ್, ಪಾನಾ ಸೆಟ್, ಸುತ್ತಿಗೆ, ಚಾಣ, ಕಾನಸು, ಡ್ರಿಲ್, ಗ್ರೈಂಡರ್, ವೆಲ್ಡಿಂಗ್ ಮಷೀನ್. ಚಾಣದ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ. ಗೆರೆಯ ಮೇಲಿನವನ್ನು ಹಳೆಯವು ಹುಡುಕೋಣ, ಕೆಳಗಿನವನ್ನು ಹೊಸವು ಕೊಳ್ಳೋಣ ಅಂದೆ. ಕಬ್ಬಿಣ ಹಳೇದು, ತಾಮ್ರ ಹೊಸದು. ಇದು ಯಾವ ಪುಸ್ತಕದಲ್ಲೂ ಇಲ್ಲದ ಸೂತ್ರ. ಇದನ್ನು ಕಲಿಯಲು ನಾನು ಕಟ್ಟಿದ ಫೀಸಿನ ಕತೆಯನ್ನು ಮುಂದೆ ಹೇಳುತ್ತೇನೆ.

ಸೂತ್ರದ ಒಳಗುಟ್ಟು ಇಷ್ಟೇ. ಬರೀ ಕಬ್ಬಿಣದ ಸಾಮಾನು ಎಷ್ಟು ಸವೆದಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಾಕುತ್ತದೆ, ಬಡಿದರೆ ಕಿವಿಗೆ ಕೇಳುತ್ತದೆ. ಮೋಟಾರು ಇರುವ ಸಾಮಾನು ಸವೆಯುವುದು ಒಳಗಡೆ. ತಂತಿಯ ಮೇಲಿನ ವಾರ್ನಿಷ್ ಸುಟ್ಟಿದೆಯೋ ಇಲ್ಲವೋ ಎಂದು ಹೊರಗಿನ ಬಣ್ಣ ಹೇಳುವುದಿಲ್ಲ, ಮಾರುವವನೂ ಹೇಳುವುದಿಲ್ಲ.

ಮೊದಲು ಸಿಂದಗಿಯ ಮೋಡಕಾ ಅಂಗಡಿಗೆ ಹೋದೆವು. ದಕ್ಷಿಣದವರು ಗುಜರಿ ಅನ್ನುವುದಕ್ಕೆ ನಮ್ಮ ಕಡೆ ಮೋಡಕಾ ಅನ್ನುತ್ತಾರೆ. ತುಕ್ಕು ಹಿಡಿದ ಕೂರಿಗೆ ತಾಳು, ಸೈಕಲ್ ರಿಮ್ಮು, ಕಬ್ಬಿನ ಟ್ರೇಲರಿನ ಕಮಾನು ಪಟ್ಟಿಗಳ ರಾಶಿಯ ಅಡಿಯಲ್ಲಿ ಒಂದು ಆರಿಂಚಿನ ವೈಸ್ ಬೋರಲಾಗಿ ಬಿದ್ದಿತ್ತು. ಹುಡುಗ ಕೈ ಹಾಕಲು ಹೋದ. ನಾನು ಅವನ ಅಂಗಿ ಜಗ್ಗಿ, ಅದರ ಪಕ್ಕದ ಹಾರೆಯ ಬೆಲೆ ಕೇಳಿದೆ. ಬೇಕಾದ ಸಾಮಾನಿನ ಮೇಲೆ ಮೊದಲು ಕಣ್ಣಿಟ್ಟರೆ ತೂಕದ ದರ ತಪ್ಪಿ ಸಾಮಾನಿನ ದರ ಶುರುವಾಗುತ್ತದೆ.

ಹಳೆಯ ವೈಸ್ ನೋಡುವ ಕ್ರಮ ಇದೆ. ಬಾಯಿ ಪೂರ್ತಿ ತೆರೆದು, ಸರಿದಾಡುವ ದವಡೆಯನ್ನು ಹಿಡಿದು ಅಲುಗಿಸಬೇಕು. ತುಸು ಅಲುಗಿದರೆ ಪರವಾಗಿಲ್ಲ, ಗಂಟೆಯ ನಾಲಿಗೆಯ ಹಾಗೆ ಆಡಬಾರದು. ಸ್ಕ್ರೂವಿನ ಎಳೆಗಳನ್ನು ತುದಿಯಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಕೆಲಸವೆಲ್ಲ ನಡೆಯುವುದು ಬಾಯಿ ಒಂದೆರಡು ಇಂಚು ತೆರೆದಾಗ, ಹಾಗಾಗಿ ಎಳೆ ಚೂಪಾಗುವುದು ಅಲ್ಲೇ. ಕೊನೆಗೆ ಮೈಮೇಲೆ ಸಣ್ಣ ಸುತ್ತಿಗೆಯಿಂದ ಬಡಿಯಿರಿ. ಮಡಕೆ ಕೊಳ್ಳುವಾಗ ನಮ್ಮ ಹೆಣ್ಣುಮಕ್ಕಳು ಬೆರಳಿನಿಂದ ಬಡಿದು ಕೇಳುವುದಿಲ್ಲವೆ, ಅದೇ ಲೆಕ್ಕ. ಠಣ್ ಅಂದರೆ ಗಟ್ಟಿ, ಬುದ್ ಅಂದರೆ ಎಲ್ಲೋ ಬಿರುಕು. ಬಿರುಕಿಗೆ ವೆಲ್ಡಿಂಗ್ ಹಾಕಿ ಬಣ್ಣ ಬಳಿದಿದ್ದರಂತೂ ಬೇಡವೇ ಬೇಡ. ಬೀಡು ಕಬ್ಬಿಣದಲ್ಲಿ ಇಂಗಾಲ ಶೇ. 2ಕ್ಕಿಂತ ಹೆಚ್ಚಿರುತ್ತದೆ. ಬೆಸುಗೆಯ ಬಿಸಿ ತಾಗಿ ಆರಿದ ಜಾಗ ಗಾಜಿನಂತೆ ಪೆಡಸಾಗಿ, ಮುಂದಿನ ಏಟಿಗೆ ಅದರ ಪಕ್ಕದಲ್ಲೇ ಒಡೆಯುತ್ತದೆ. ದವಡೆಗೆ ಹಾಕಿದ ಹಲ್ಲಿನ ಪಟ್ಟಿ ಸವೆದಿದ್ದರೆ ಮಾತ್ರ ಚಿಂತೆಯಿಲ್ಲ, ಎರಡು ಸ್ಕ್ರೂ ಬಿಚ್ಚಿ ಬದಲಿಸಬಹುದು.

ತಕ್ಕಡಿಗೆ ಹಾಕಿದಾಗ ಹತ್ತೊಂಬತ್ತು ಕೆಜಿ. ಕೆಜಿಗೆ ಅರವತ್ತರಂತೆ ಸಾವಿರದ ನೂರಾ ನಲವತ್ತು. ಕೊಟೇಶನ್ನಿನಲ್ಲಿ ಅದೇ ಅಳತೆಯದಕ್ಕೆ ಐದು ಸಾವಿರದ ಎಂಟುನೂರು ಬರೆದಿತ್ತು.

ಹುಡುಗನಿಗೆ ಹುರುಪು ಬಂತು. ಅಂಗಡಿಯವ ಅದನ್ನು ಗುರುತಿಸಿ ಒಳಗಿನಿಂದ ಎರಡು ಅಡಿ ಉದ್ದದ ರೈಲು ಕಂಬಿಯ ತುಂಡು ತಂದ. "ಬಡಿಯಾಕ ಭಾಳ ಚೊಲೋ ಐತಿ ನೋಡ್ರಿ ಮಾಸ್ತರ." ನಿಜ, ಅಡೆಗಲ್ಲಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ 1966ರಿಂದ ರೈಲ್ವೆ ಸೊತ್ತಿನ ಅಕ್ರಮ ಸ್ವಾಧೀನಕ್ಕೆಂದೇ ಬೇರೆ ಕಾಯ್ದೆ ಇದೆ. ನಿಮ್ಮ ಬಳಿ ಆ ತುಂಡು ಹೇಗೆ ಬಂತೆಂದು ನೀವೇ ಲೆಕ್ಕ ಕೊಡಬೇಕಾಗುತ್ತದೆ. ಬಿಲ್ಲಿಲ್ಲದ ಮೋಟಾರ್ ಸ್ಟಾರ್ಟರ್ ಪೆಟ್ಟಿಗೆ, ಸುತ್ತಿಟ್ಟ ಕೇಬಲ್ಲೂ ಅಲ್ಲಿದ್ದವು. ನಮ್ಮ ಕಡೆ ಹೊಲದ ಬಾವಿಯಿಂದ ಕೇಬಲ್ ಕತ್ತರಿಸಿ ಒಯ್ಯುವವರ ಕಾಟ ರೈತರಿಗೆಲ್ಲ ಗೊತ್ತು. ಕಳವಿನ ಮಾಲು ಎಂದು ಗೊತ್ತಿದ್ದೂ ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆ ಇದೆ. ಕಾನೂನು ಅತ್ತ ಇರಲಿ, ಅರ್ಧ ದರಕ್ಕೆ ತಂದ ಕೇಬಲ್ಲು ನಿಮ್ಮ ಬೀಗರದ್ದೇ ಆಗಿದ್ದರೆ?

ಚಾಣ ಮತ್ತು ಸುತ್ತಿಗೆಗಳಿಗೆ ಬಸವನ ಬಾಗೇವಾಡಿಗೆ ಹೋದದ್ದಕ್ಕೆ ಕಾರಣ ಅಲ್ಲಿನ ಒಂದು ಕುಲುಮೆ. ನಮ್ಮಪ್ಪನೂ ಕಮ್ಮಾರ. ಹಂಗಾಮಿನಲ್ಲಿ ರೈತರ ಕುಡ, ಕುರ್ಚಗಿ ಹದ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯದ ಜೋಳ ತರುತ್ತಿದ್ದವನು. ಹೀಗಾಗಿ ಕುಲುಮೆಯ ಹೊಗೆಯ ವಾಸನೆ ಬಂದಲ್ಲಿ ನನ್ನ ಕಾಲು ತಾನೇ ನಿಲ್ಲುತ್ತದೆ. ಬಾಗೇವಾಡಿಯ ಈ ಕಮ್ಮಾರನ ಅಡೆಗಲ್ಲು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯೊಂದರದ್ದು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಆ ಅಡಿಗಲ್ಲು ನೆಟ್ಟಿದ್ದರಿಂದ ಈ ಅಡೆಗಲ್ಲು ಕಿತ್ತಿತು ಎಂದು ಅವನು ನಗುತ್ತಾನೆ. ನೀರು ಏರುವ ಕಾಲಕ್ಕೆ ಜನ ಬಾಗಿಲು, ತೊಲೆ, ಜಂತಿ ಎಲ್ಲ ಬಿಚ್ಚಿ ಮಾರಿದರು. ಹಾಗೆ ಮಾರಿದವರಲ್ಲಿ ಆ ಹಳ್ಳಿಯ ಕಮ್ಮಾರನೂ ಒಬ್ಬ. ಪರಿಹಾರದ ಪಟ್ಟಿಯಲ್ಲಿ ಗೋಡೆಗೆ ಬೆಲೆ ಇತ್ತು, ಕುಲುಮೆಯ ಗಿರಾಕಿಗಳಿಗೆ ಇರಲಿಲ್ಲ ಎನ್ನುವುದು ಇವನ ಮಾತು.

ನಾವು ಒಯ್ದಿದ್ದ ಹಳೆಯ ಚಾಣಗಳ ಗಂಟನ್ನು ಅವನ ಮುಂದೆ ಸುರಿದೆವು. ಅವನು ಒಂದೊಂದನ್ನೂ ಬಿಸಿಲಿಗೆ ಹಿಡಿದು ಮೂರನ್ನು ಆಚೆ ಎಸೆದ. ತುದಿಯಲ್ಲಿ ನೀಲಿ ಛಾಯೆ ಇತ್ತು. ಯಾರೋ ಗ್ರೈಂಡರ್ ಕಲ್ಲಿಗೆ ಒತ್ತಿ ಹಿಡಿದು ಚೂಪು ಮಾಡಿದ್ದಾರೆ, ಬಿಸಿಯಾಗಿ ಹದ ಇಳಿದುಹೋಗಿದೆ. ನೀಲಿಗಟ್ಟಿದ ಉಕ್ಕು ಮೆತ್ತಗಾಗುತ್ತದೆ, ಎಷ್ಟು ಚೂಪು ಮಾಡಿದರೂ ನಾಲ್ಕು ಏಟಿಗೆ ಮೊಂಡು. ಅದಕ್ಕೆ ಮತ್ತೆ ಹದ ಕೊಡಬೇಕು. ಕೆಂಪಗೆ ಕಾಯಿಸಿ, ಅಯಸ್ಕಾಂತ ಅಂಟದ ಹಂತಕ್ಕೆ ಬಂದಾಗ ಅದ್ದಿ, ಆಮೇಲೆ ತುದಿಯನ್ನು ಉಜ್ಜಿ, ನಿಧಾನ ಕಾಯಿಸಿ, ಒಣಹುಲ್ಲಿನ ಬಣ್ಣದ ಹತ್ತಿರ ನಿಲ್ಲಿಸಬೇಕು. ಎಸೆದ ಮೂರನ್ನೂ ಅವನೇ ಎತ್ತಿಕೊಂಡು ಹದ ಮಾಡಿಕೊಟ್ಟ. ಒಂದಕ್ಕೆ ಮೂವತ್ತು ರೂಪಾಯಿ.

ಕಾನಸು ಕಬ್ಬಿಣವೇ ಆದರೂ ನಾನು ಗೆರೆಯ ಕೆಳಗೆ ಇಟ್ಟಿದ್ದೆ. ಅದರ ಪ್ರಾಣವೇ ಹಲ್ಲು. ಬೆಳಕಿಗೆ ಹಿಡಿದಾಗ ಹಲ್ಲಿನ ತುದಿ ಬೆಳ್ಳಗೆ ಮಿಂಚಿದರೆ ಸವೆದಿದೆ ಎಂದರ್ಥ, ಹೊಸದರ ಹಲ್ಲು ಮಿಂಚುವುದಿಲ್ಲ. ಹಾಗೆಂದು ಸವೆದ ಕಾನಸನ್ನು ಎಸೆಯಬೇಡಿ. ಶೇ. 1ರ ಆಸುಪಾಸು ಇಂಗಾಲ ಇರುವ ಉಕ್ಕು ಅದು, ಕಮ್ಮಾರನ ಕೈಯಲ್ಲಿ ಒಳ್ಳೆಯ ಚಾಕು ಆಗುತ್ತದೆ. ಲಾರಿಯ ಕಮಾನು ಪಟ್ಟಿಯೂ ಅಷ್ಟೇ, ಕೊಡಲಿ ಮತ್ತು ಕಬ್ಬಿನ ಕೋಯ್ತಾಗಳಿಗೆ ಕಮ್ಮಾರರು ಅದನ್ನೇ ಹುಡುಕುತ್ತಾರೆ.

ಇಲ್ಲಿ ಒಂದು ಮಾತು. 'ಹಳೇ ಕಾಲದ ಸಾಮಾನೆಲ್ಲ ಗಟ್ಟಿ' ಎನ್ನುವವರನ್ನು ನಾನು ನಂಬುವುದಿಲ್ಲ. ಆ ಕಾಲದ ಕಳಪೆ ಸಾಮಾನು ಆಗಲೇ ಮುರಿದು ಭಟ್ಟಿ ಸೇರಿದೆ. ನಮ್ಮ ಕಣ್ಣಿಗೆ ಬೀಳುವುದು ಬದುಕಿ ಉಳಿದದ್ದು ಮಾತ್ರ.

ಇನ್ನು ನನ್ನ ಫೀಸಿನ ಕತೆ. ನಿವೃತ್ತಿಯಾದ ವರ್ಷ ಇಂಡಿ ಹತ್ತಿರದ ನನ್ನ ಮೂರು ಎಕರೆ ಲಿಂಬೆ ತೋಟಕ್ಕೆ ಐದು ಎಚ್‌ಪಿಯ ಹಳೆಯ ಮೋನೋಬ್ಲಾಕ್ ಪಂಪು ಕೊಂಡೆ. ಹೊಸದರ ಅರ್ಧ ಬೆಲೆ. ಹೊಸ ಹಸಿರು ಬಣ್ಣ, ಹೊಸ ಬೇರಿಂಗ್. "ತಾಮ್ರದ ವೈಂಡಿಂಗ್ ಸರ, ಹ್ವಾದ ತಿಂಗಳ ಕಟ್ಟಸೀವಿ" ಎಂದು ಮುಚ್ಚಳ ತೆಗೆದು ಕೆಂಪು ತಂತಿ ತೋರಿಸಿದರು. ಇಪ್ಪತ್ತೆಂಟು ವರ್ಷ ಹುಡುಗರಿಗೆ ಪಾಠ ಹೇಳಿದ ನಾನು ಬ್ಲೇಡಿನಿಂದ ಆ ತಂತಿಯನ್ನು ಒಮ್ಮೆ ಕೆರೆದು ನೋಡಲಿಲ್ಲ. ಚೈತ್ರದ ಬಿಸಿಲಲ್ಲಿ ವೋಲ್ಟೇಜ್ ಇಳಿದ ಒಂದು ಮಧ್ಯಾಹ್ನ ಪಂಪು ಹೊಗೆಯಾಡಿತು. ಬಿಚ್ಚಿ ಕೆರೆದರೆ ಕೆಂಪು ವಾರ್ನಿಷಿನ ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರದ ತಂತಿಗೆ ಹೋಲಿಸಿದರೆ ಅಲ್ಯೂಮಿನಿಯಂ ಸುಮಾರು ಶೇ. 60ರಷ್ಟು ಮಾತ್ರ ವಿದ್ಯುತ್ ಒಯ್ಯಬಲ್ಲದು, ಅದೇ ಕೆಲಸಕ್ಕೆ ಹೆಚ್ಚು ಕಾಯುತ್ತದೆ. ಮತ್ತೆ ತಾಮ್ರ ಕಟ್ಟಿಸಿದ ಖರ್ಚು, ಒಂಬತ್ತು ದಿನ ನೀರಿಲ್ಲದೆ ಉದುರಿದ ಲಿಂಬೆ ಹೂವು ಎಲ್ಲ ಕೂಡಿಸಿದರೆ ಹೊಸ ಪಂಪಿನ ಬೆಲೆ ದಾಟಿತು. ಮನೆಯವಳು ಏನೂ ಅನ್ನಲಿಲ್ಲ, ಆ ಪಂಪಿಗೆ 'ಮಾಸ್ತರ ಪಂಪು' ಎಂದು ಹೆಸರಿಟ್ಟಳು, ಅಷ್ಟೇ.

ಅದಕ್ಕೇ ಹುಡುಗನಿಗೆ ಡ್ರಿಲ್, ಗ್ರೈಂಡರ್, ವೆಲ್ಡಿಂಗ್ ಮಷೀನ್ ಮೂರನ್ನೂ ಬಿಲ್ಲು ಮತ್ತು ವಾರಂಟಿ ಕಾರ್ಡಿನ ಸಮೇತ ಹೊಸವೇ ಕೊಡಿಸಿದೆ. ಗೋವಾದಿಂದ ಬಂದವರ ಚೀಲಗಳಲ್ಲಿ ಗ್ರೈಂಡರ್ ಎಷ್ಟು ಬೇಕಾದರೂ ಸಿಗುತ್ತವೆ, ಅವನ ಗೆಳೆಯರೇ ಎರಡು ಕೊಡಲು ಮುಂದೆ ಬಂದಿದ್ದರು. ಎರಡಕ್ಕೂ ಗಾರ್ಡ್ ಇರಲಿಲ್ಲ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಹನ್ನೊಂದು ಸಾವಿರದ ಆಜೂಬಾಜು ಸುತ್ತುತ್ತದೆ. ಡಿಸ್ಕ್ ಒಡೆದರೆ ಚೂರು ಯಾವ ಕಡೆ ಹಾರಬೇಕೆಂದು ನಿಮ್ಮನ್ನು ಕೇಳುವುದಿಲ್ಲ. ಆ ಡಿಸ್ಕಿಗೂ ಆಯುಷ್ಯ ಇದೆ. ಒಳ್ಳೆಯ ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ವರ್ಷ ಅಚ್ಚಾಗಿರುತ್ತದೆ, ಅದು ದಾಟಿದ್ದು ಚಿಲ್ಲರೆಗೆ ಸಿಕ್ಕರೂ ಮುಟ್ಟಬಾರದು. ಬ್ಯಾಟರಿ ಡ್ರಿಲ್ ಹಳೆಯದು ಕೊಳ್ಳುವವರು ಮೊದಲು ಹೊಸ ಬ್ಯಾಟರಿಯ ದರ ಕೇಳಲಿ, ಆಸೆ ತಾನೇ ಇಳಿಯುತ್ತದೆ.

ರೈತರಿಗೆ ಲೆಕ್ಕ ಸ್ವಲ್ಪ ಬೇರೆ. ಗುದ್ದಲಿ, ಸಲಿಕೆ, ಕೊಡಲಿಗೆ ಜಿಎಸ್‌ಟಿ ಇಲ್ಲ, ಪಾನಾ ಮತ್ತು ಡ್ರಿಲ್ಲಿಗೆ ಶೇ. 18. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ರೈತರಿಗೆ ಶೇ. 50, ಪರಿಶಿಷ್ಟರಿಗೆ ಶೇ. 90 ಸಹಾಯಧನ ಸಿಗುವಾಗ ಹಳೆಯ ಸ್ಪ್ರೇಯರಿಗೆ ಅಲೆಯುವುದು ಹುಚ್ಚುತನ. ಹಿಂದಿನವನು ಅದರಲ್ಲಿ ಯಾವ ಔಷಧ ತುಂಬಿದ್ದನೋ ಯಾರು ಬಲ್ಲರು. ಲಿಂಬೆಯವರಿಗೆ ಇನ್ನೊಂದು ಎಚ್ಚರಿಕೆ. ನಮ್ಮ ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಿದೆ, ಆದರೆ ಕಜ್ಜಿ ರೋಗ ಹಿಡಿದ ಕಾಯಿಗೆ ಸಂತೆಯಲ್ಲಿ ಬೆಲೆ ಇಲ್ಲ. ಕಜ್ಜಿಯ ಬ್ಯಾಕ್ಟೀರಿಯಾ ಟೊಂಗೆ ಸವರುವ ಕತ್ತರಿಯ ಅಲಗಿನ ಮೇಲೆ ಕೂತು ತೋಟದಿಂದ ತೋಟಕ್ಕೆ ಹೋಗುತ್ತದೆ. ಹಳೆಯ ಕತ್ತರಿ ಕೊಂಡರೆ, ಎರವಲು ತಂದರೂ ಸರಿ, ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ, ತೊಳೆದು, ಎಣ್ಣೆ ಹಚ್ಚಿಯೇ ಗಿಡಕ್ಕೆ ಇಡಿ.

ಕೊನೆಗೆ ಉಳಿದದ್ದು ಪಾನಾ. ಮುದ್ದೇಬಿಹಾಳದಲ್ಲಿ ಟ್ರ್ಯಾಕ್ಟರ್ ಮೇಸ್ತ್ರಿಯೊಬ್ಬರು ತೀರಿಹೋಗಿ ವರ್ಷವಾಗಿತ್ತು. ಅವರ ಪೆಟ್ಟಿಗೆ ಮಾರಲಿಕ್ಕಿದೆ ಎಂದು ಕೇಳಿ ದೇವರ ಹಿಪ್ಪರಗಿ, ತಾಳಿಕೋಟೆ ದಾರಿಯಾಗಿ ಹೋದೆವು. ಅವರ ಹೆಂಡತಿ ಪಡಸಾಲೆಯಲ್ಲಿ ಹಳೆಯ ಸೀರೆ ಹಾಸಿ, ಒಂದೊಂದೇ ಪಾನಾ ಒರೆಸಿ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿಟ್ಟಿದ್ದರು. ಮೋಡಕಾ ಅಂಗಡಿಯಲ್ಲಿ ಬರುವ ಚೌಕಾಶಿ ಅಲ್ಲಿ ಬಾಯಿಗೆ ಬರಲಿಲ್ಲ.

ಎರಡು ಸಂಸಾರದ ಪಾನಾ ಅದರಲ್ಲಿದ್ದವು. ಒಂದಷ್ಟು ಮಿಲಿಮೀಟರಿನವು, ಒಂದಷ್ಟು ಇಂಚಿನವು. ಇಂಚಿನವುಗಳಲ್ಲೂ ಕೆಲವಕ್ಕೆ 'ಡಬ್ಲ್ಯೂ' ಗುರುತು, ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ಹಾಕಿಕೊಟ್ಟ ಅಳತೆಯ ವಂಶದವು. ನಮ್ಮ ದೇಶ 1956ರ ಕಾಯ್ದೆಯಿಂದ ಮೆಟ್ರಿಕ್ಕಿಗೆ ಹೊರಳಿದರೂ ಹಳೆಯ ಟ್ರ್ಯಾಕ್ಟರುಗಳ ಬೋಲ್ಟು ಹೊರಳಲಿಲ್ಲ. ಮುಕ್ಕಾಲು ಇಂಚಿನ ಪಾನಾ 19ರ ನಟ್ಟಿಗೆ ಸರಿಯಾಗಿ ಕೂರುತ್ತದೆ, ಎರಡಕ್ಕೂ ಕೂದಲೆಳೆ ಅಂತರ. ಅರ್ಧ ಇಂಚು ಅಂದರೆ 12.7. ಅದು 13ರ ನಟ್ಟಿಗೆ ಹೋಗುವುದೇ ಇಲ್ಲ, 13ರದ್ದನ್ನು ಅರ್ಧ ಇಂಚಿನ ನಟ್ಟಿಗೆ ಹಾಕಿದರೆ ಜಾರಿ ಮೂಲೆ ಸವೆಸುತ್ತದೆ. ಅದಕ್ಕೆ ನಾನು ಕಿಸೆಯಲ್ಲಿ ನಾಲ್ಕು ಹೊಸ ಬೋಲ್ಟು ಇಟ್ಟುಕೊಂಡೇ ಪಾನಾ ಕೊಳ್ಳಲು ಹೋಗುತ್ತೇನೆ. ಬಾಯಿ ಅಗಲಿದ ಪಾನಾ ಹೊಸ ಬೋಲ್ಟಿನ ಮುಂದೆ ಸುಳ್ಳು ಹೇಳಲಾರದು. ಆ ಮನೆಯ ಪಾನಾ ಒಂದೂ ಬಾಯಿ ಬಿಟ್ಟಿರಲಿಲ್ಲ. ಮೇಸ್ತ್ರಿ ಪಾನಾದ ಹಿಡಿಗೆ ಪೈಪು ತೂರಿಸಿ ಜಗ್ಗುವ ಜಾತಿಯವರಲ್ಲ ಎಂದು ತಿಳಿಯಿತು.

"ಎಷ್ಟ ಕೊಡಬೇಕವ್ವಾ?" ಅಂದೆ.

"ನೀವ ಬಲ್ಲವ್ರು. ಅವ್ರು ಇದ್ದಾಗ ಯಾರಿಗೂ ಮುಟ್ಟಗೊಡ್ತಿದ್ದಿಲ್ಲ."

ನಾನು ಹುಡುಗನ ಮುಖ ನೋಡಿದೆ. ಅವನು ತನ್ನ ಮನಸ್ಸಿನಲ್ಲಿದ್ದುದಕ್ಕಿಂತ ಒಂದು ಸಾವಿರ ಜಾಸ್ತಿ ಹೇಳಿದ. ಲೆಕ್ಕದ ಹಾಳೆಯಲ್ಲಿ ಆಗಲೂ ಹೊಸದರ ಅರ್ಧಕ್ಕಿಂತ ಕಡಿಮೆಯೇ. ಆಕೆ ದುಡ್ಡು ಎಣಿಸದೆ ಸೆರಗಿಗೆ ಕಟ್ಟಿಕೊಂಡರು. ನಾವು ಪೆಟ್ಟಿಗೆ ಎತ್ತುವಾಗ ಮಾತ್ರ ಬಗ್ಗಿ, ಸಾಲಿನ ನಡುವಿನಿಂದ ಒಂದು ಪಾನಾ ತೆಗೆದುಕೊಂಡರು.

"ಈ ಹದಿನಾರು-ಹದಿನೇಳರದು ನನಗಿರಲಿ. ನಲ್ಲಿ ಸೋರತೈತಿ, ಬಿಗಿ ಮಾಡಾಕ ಬೇಕಾಗತೈತಿ."

ಈಗ ಸಿಂದಗಿಯ ಆ ಅಂಗಡಿಗೆ ಹೋದರೆ ಗೋಡೆಯ ಹಲಗೆಯ ಮೇಲೆ ಪಾನಾಗಳು ಸಾಲಾಗಿ ತೂಗುತ್ತವೆ. ಎಲ್ಲ ಎಣ್ಣೆ ಕುಡಿದು ಕಪ್ಪಗಾದವು. ನಡುವೆ ಒಂದು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅದನ್ನು ಹುಡುಗ ಇಂಡಿಯ ಪೇಟೆಯಲ್ಲಿ ಹೊಸದಾಗಿ ಕೊಂಡ.