ರಿಪೇರಿಯ ನಂತರ ಕಪ್ಪಾದ ಪರದೆ: ತಪ್ಪು ಕಲ್ಪನೆ ಮತ್ತು ಸತ್ಯ

ಲ್ಯಾಪ್‌ಟಾಪಿನ ಫ್ಯಾನ್ ಸ್ವಚ್ಛಗೊಳಿಸಿದ ಮೇಲೆ, ಕೀಬೋರ್ಡ್ ಅಥವಾ ಬ್ಯಾಟರಿ ಬದಲಿಸಿದ ಮೇಲೆ, ಮುರಿದ ಹಿಂಜ್ ಕೂಡಿಸಿದ ಮೇಲೆ ಪರದೆ ಬೆಳಗದೆ ಕಪ್ಪಾಗಿಯೇ ಉಳಿದರೆ ಸಾಮಾನ್ಯವಾಗಿ ಕೇಳಿಬರುವ ತೀರ್ಪುಗಳು ಎರಡೇ: ‘ಡಿಸ್‌ಪ್ಲೇ ಹೋಗಿದೆ’ ಎಂಬುದು ಒಂದು, ‘ಮದರ್‌ಬೋರ್ಡ್ ಹೋಗಿದೆ’ ಎಂಬುದು ಇನ್ನೊಂದು. ಎರಡೂ ದುಬಾರಿಯಾದವು, ಎರಡೂ ಬಹಳ ಸಲ ಪರೀಕ್ಷೆಗೆ ಮೊದಲೇ ಹೊರಬೀಳುವಂಥವು. ರಿಪೇರಿಗೆ ಮುನ್ನ ಸರಿಯಾಗಿಯೇ ಇದ್ದ ಪರದೆ ಆ ಬಳಿಕ ಕೈಕೊಟ್ಟಿತೆಂದರೆ, ಮೊದಲು ಅನುಮಾನಿಸಬೇಕಾದುದು ಬಿಡಿಭಾಗದ ವಯಸ್ಸನ್ನಲ್ಲ, ರಿಪೇರಿಯ ಕೈ ತಾಗಿದ ಜಾಗವನ್ನು. ಆ ಜಾಗ ಯಾವುದೆಂದು ಗೊತ್ತುಮಾಡಲು ಚಿತ್ರ ಸಾಗಿಬರುವ ದಾರಿಯ ಪರಿಚಯ ಇರಬೇಕಾಗುತ್ತದೆ.

ಇಂದಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಚಿತ್ರವನ್ನು ರಚಿಸುವ ಗ್ರಾಫಿಕ್ಸ್ ಘಟಕ ಪ್ರೊಸೆಸರ್ ಚಿಪ್ಪಿನೊಳಗೇ ಇರುತ್ತದೆ. ಅಲ್ಲಿಂದ ಹೊರಟ ಸಂಕೇತ ಮದರ್‌ಬೋರ್ಡಿನ ಮೇಲಿನ ಕನೆಕ್ಟರನ್ನು ದಾಟಿ, ಹಿಂಜಿನ ಪಕ್ಕದಲ್ಲಿ ನುಸುಳಿ ಮೇಲೇರುವ ತೆಳು ಕೇಬಲ್ಲಿನ ಮೂಲಕ ಪರದೆಯ ಕೆಳ ಅಂಚಿನ ಸಣ್ಣ ಬೋರ್ಡನ್ನು ತಲುಪುತ್ತದೆ. ಅಲ್ಲಿರುವ ಟೈಮಿಂಗ್ ಕಂಟ್ರೋಲರ್ ಎಂಬ ಚಿಪ್ ಆ ಸಂಕೇತವನ್ನು ಬಿಡಿಸಿ, ಗಾಜಿನ ಅಂಚಿಗೆ ಅಂಟಿಕೊಂಡ ಡ್ರೈವರ್ ಚಿಪ್ಪುಗಳಿಗೆ ಹಂಚುತ್ತದೆ. 1920×1080 ಅಳತೆಯ ಪರದೆಯಲ್ಲಿ 20,73,600 ಬಿಂದುಗಳಿದ್ದು, ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಬಿಂದುಗಳಿರುತ್ತವೆ. ಆದರೆ ಎಲ್‌ಸಿಡಿ ಪರದೆಯಲ್ಲಿ ಈ ಅರವತ್ತೆರಡು ಲಕ್ಷ ಉಪಬಿಂದುಗಳ ಪೈಕಿ ಒಂದೂ ಸ್ವತಃ ಬೆಳಗುವುದಿಲ್ಲ. ಅವು ಬೆಳಕನ್ನು ತಡೆಯುವ ಅಥವಾ ಬಿಡುವ ಕೆಲಸವನ್ನಷ್ಟೇ ಮಾಡುತ್ತವೆ. ಬೆಳಕು ಬರುವುದು ಹಿಂದಿರುವ ಎಲ್‌ಇಡಿ ಸಾಲಿನಿಂದ, ಅಂದರೆ ಬ್ಯಾಕ್‌ಲೈಟಿನಿಂದ. ಚಿತ್ರದ ಸಂಕೇತ ಮತ್ತು ಬೆಳಕಿನ ವಿದ್ಯುತ್ ಸಾಮಾನ್ಯವಾಗಿ ಒಂದೇ ಕೇಬಲ್ಲಿನೊಳಗೆ ಬೇರೆ ಬೇರೆ ತಂತಿಗಳಲ್ಲಿ ಸಾಗುತ್ತವೆ ಎಂಬ ಈ ಒಂದು ಸಂಗತಿ ತಿಳಿದಿದ್ದರೆ ಅರ್ಧ ಗೊಂದಲ ಕಳೆದಂತೆಯೇ.

ಕಪ್ಪು ಪರದೆಯೆಂದರೆ ಸತ್ತ ಪರದೆ ಎಂಬ ನಂಬಿಕೆ ಹುಟ್ಟಿರುವುದು ಈ ಎರಡನ್ನು ಒಂದೆಂದು ಭಾವಿಸಿದ್ದರಿಂದ. ಯಂತ್ರವನ್ನು ಚಾಲೂ ಮಾಡಿ, ಕೋಣೆಯನ್ನು ಕತ್ತಲಾಗಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದಾಗ ಐಕಾನುಗಳೋ ಪಾಸ್‌ವರ್ಡ್ ಕೇಳುವ ಚೌಕವೋ ಮಸುಕಾಗಿ ಕಂಡರೆ, ಪ್ರೊಸೆಸರಿನಿಂದ ಗಾಜಿನವರೆಗಿನ ಚಿತ್ರದ ದಾರಿ ಸುಸ್ಥಿತಿಯಲ್ಲಿದೆ, ಇಲ್ಲದಿರುವುದು ಬೆಳಕು ಮಾತ್ರ ಎಂದಾಯಿತು. ಬ್ಯಾಕ್‌ಲೈಟೇ ಇಲ್ಲದ, ಬಿಂದುಗಳೇ ಬೆಳಗುವ ಒಎಲ್‌ಇಡಿ ಪರದೆಗೆ ಈ ಪರೀಕ್ಷೆ ಅನ್ವಯಿಸದು.

ಬೆಳಕಿನ ದಾರಿ ರಿಪೇರಿಯ ವೇಳೆ ಕಡಿಯುವುದಕ್ಕೆ ಒಂದು ಸ್ಪಷ್ಟ ಕಾರಣವಿದೆ, ಮತ್ತು ಇದರ ಬಗ್ಗೆಯೇ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇದೆ. ಯಂತ್ರವನ್ನು ಶಟ್‌ಡೌನ್ ಮಾಡಿ ಚಾರ್ಜರ್ ತೆಗೆದರೆ ಒಳಗೆ ವಿದ್ಯುತ್ ಇರುವುದಿಲ್ಲವೆಂದು ಅನೇಕರು ನಂಬುತ್ತಾರೆ. ಬ್ಯಾಟರಿ ಬೋರ್ಡಿಗೆ ಜೋಡಿಕೊಂಡಿರುವವರೆಗೆ ಬೋರ್ಡಿನ ಕೆಲವು ಭಾಗಗಳು ಜೀವಂತವಾಗಿಯೇ ಇರುತ್ತವೆ. ಆದ್ದರಿಂದಲೇ ತಯಾರಕರ ಸೇವಾ ಕೈಪಿಡಿಗಳು ಬೇರಾವ ಭಾಗಕ್ಕೂ ಕೈಹಾಕುವ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸುವಂತೆ ಹೇಳುತ್ತವೆ. ಪರದೆಯ ಕನೆಕ್ಟರಿನಲ್ಲಿ 30 ಅಥವಾ 40 ಪಿನ್ನುಗಳು ಅರ್ಧ ಮಿಲಿಮೀಟರಿನಷ್ಟು ಅಂತರದಲ್ಲಿ ಒತ್ತಾಗಿ ಕುಳಿತಿದ್ದು, ಬ್ಯಾಕ್‌ಲೈಟಿಗೆ ಹೋಗುವ ಹೆಚ್ಚಿನ ವೋಲ್ಟೇಜಿನ ಪಿನ್ನುಗಳೂ ಸೂಕ್ಷ್ಮ ಸಂಕೇತದ ಪಿನ್ನುಗಳೂ ಒಂದೇ ಸಾಲಿನಲ್ಲಿರುತ್ತವೆ. ಹಲವು ಮ್ಯಾಕ್‌ಬುಕ್‌ಗಳಲ್ಲಿ ಈ ವೋಲ್ಟೇಜ್ 50ರ ಸಮೀಪಕ್ಕೆ ಏರುತ್ತದೆ. ಬ್ಯಾಟರಿ ಬಿಡಿಸದೆ ಕೇಬಲ್ ಕಿತ್ತರೆ, ಅಥವಾ ಮತ್ತೆ ಜೋಡಿಸುವಾಗ ಅದು ಕೊಂಚ ಓರೆಯಾಗಿ ಕುಳಿತರೆ, ಕ್ಷಣಮಾತ್ರದ ಶಾರ್ಟ್ ಸರ್ಕೀಟಿನಿಂದ ಬ್ಯಾಕ್‌ಲೈಟಿನ ಫ್ಯೂಸ್ ಸುಟ್ಟುಹೋಗಬಹುದು. ಅಕ್ಕಿಕಾಳಿಗಿಂತ ಚಿಕ್ಕದಾದ ಈ ಫ್ಯೂಸ್ ಮದರ್‌ಬೋರ್ಡಿನ ಮೇಲಿರುವುದರಿಂದ, ಆ ಬಳಿಕ ಎಷ್ಟು ಹೊಸ ಪರದೆಗಳನ್ನು ತಂದು ಜೋಡಿಸಿದರೂ ಯಾವುದೂ ಬೆಳಗುವುದಿಲ್ಲ. ಹೊಸ ಪರದೆಯೂ ಕೆಟ್ಟದ್ದೇ ಬಂತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ ಸುಟ್ಟ ಫ್ಯೂಸ್. ಮಲ್ಟಿಮೀಟರ್ ಬಳಸಬಲ್ಲ ತಂತ್ರಜ್ಞ ಇದನ್ನು ಕೆಲವೇ ನಿಮಿಷಗಳಲ್ಲಿ ಪತ್ತೆಹಚ್ಚಬಲ್ಲ. ಆದರೂ ಪರದೆ ಬದಲಿಸುವ ಸಲಹೆಯೇ ಮೊದಲು ಬರುವುದು ಈ ವೃತ್ತಿಯ ಒಂದು ಕೆಟ್ಟ ರೂಢಿ ಎನ್ನದೆ ವಿಧಿಯಿಲ್ಲ.

ಎಚ್‌ಡಿಎಂಐ ಕೇಬಲ್ ಹಾಕಿದಾಗ ಹೊರಗಿನ ಮಾನಿಟರಿನಲ್ಲಿ ಚಿತ್ರ ಬಂದರೆ ದೋಷ ಪರದೆಯದೇ ಎಂಬುದು ಇನ್ನೊಂದು ಜನಪ್ರಿಯ ನಿಯಮ. ಇದು ಅರ್ಧಸತ್ಯ. ಪ್ರೊಸೆಸರ್, ಮೆಮೊರಿ, ಆಪರೇಟಿಂಗ್ ಸಿಸ್ಟಮ್ ಕೆಲಸ ಮಾಡುತ್ತಿವೆ ಎಂಬುದನ್ನು ಈ ಪರೀಕ್ಷೆ ಖಚಿತಪಡಿಸುತ್ತದೆ, ಅಷ್ಟೇ. ಒಳಪರದೆಗೆ ಹೋಗುವ ದಾರಿ ಬೇರೆ ಇರುವುದರಿಂದ ಕನೆಕ್ಟರ್, ಕೇಬಲ್, ಫ್ಯೂಸ್ ಎಲ್ಲವೂ ಇನ್ನೂ ಅನುಮಾನದಲ್ಲೇ ಉಳಿಯುತ್ತವೆ. ಗೇಮಿಂಗ್‌ಗೆಂದು ಎರಡು ಗ್ರಾಫಿಕ್ಸ್ ಘಟಕಗಳಿರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಒಳಪರದೆ ಪ್ರೊಸೆಸರಿನೊಳಗಿನ ಘಟಕಕ್ಕೂ ಎಚ್‌ಡಿಎಂಐ ಕಿಂಡಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪಿಗೂ ಜೋಡಿಕೊಂಡಿರುವುದರಿಂದ, ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದೂ ಸರಿಯೆಂದು ಹೇಳಲಾಗದು.

ಇದಕ್ಕಿಂತ ಹರಿತವಾದ ಪರೀಕ್ಷೆಗಳು ಕೈಯಳತೆಯಲ್ಲೇ ಇವೆ. ಡೆಲ್ ಕಂಪನಿಯ ಲ್ಯಾಪ್‌ಟಾಪ್‌ಗಳಲ್ಲಿ ‘ಡಿ’ ಕೀಲಿಯನ್ನು ಒತ್ತಿಹಿಡಿದು ಪವರ್ ಬಟನ್ ಅದುಮಿದರೆ ಪರದೆಯ ಸ್ವಯಂಪರೀಕ್ಷೆ ಆರಂಭವಾಗಿ, ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳು ಪರದೆಯ ತುಂಬ ಸರದಿಯಾಗಿ ಬರುತ್ತವೆ. ಬಣ್ಣಗಳು ಶುದ್ಧವಾಗಿ ತುಂಬಿಕೊಂಡರೆ ಗಾಜಿನ ಮೇಲೆ ದೋಷ ಹೊರಿಸುವಂತಿಲ್ಲ. ಚಿತ್ರ ಬರುತ್ತಿದ್ದರೂ ಗೆರೆ, ಚುಕ್ಕೆ, ಕಲೆಗಳು ಕಾಣುವ ಯಂತ್ರದಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಬೇರೊಂದು ಸಾಧನದಲ್ಲಿ ನೋಡಬೇಕು. ಸ್ಕ್ರೀನ್‌ಶಾಟ್ ಎಂಬುದು ಕೇಬಲ್ಲಿಗೆ ಇಳಿಯುವ ಮೊದಲೇ ಮೆಮೊರಿಯಿಂದ ಎತ್ತಿಕೊಂಡ ಚಿತ್ರವಾದ್ದರಿಂದ, ಅದರಲ್ಲೂ ಗೆರೆಗಳಿದ್ದರೆ ದೋಷ ಗ್ರಾಫಿಕ್ಸ್ ಅಥವಾ ಡ್ರೈವರ್ ತಂತ್ರಾಂಶದ ಕಡೆಗಿರುತ್ತದೆ, ಇಲ್ಲದಿದ್ದರೆ ಬಹುತೇಕ ಕೇಬಲ್ ಮತ್ತು ಪರದೆಯ ಕಡೆಗೆ. ವಿಂಡೋಸ್ ಮರುಸ್ಥಾಪಿಸಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಗೆ ಉತ್ತರ ಇನ್ನೂ ಚಿಕ್ಕದು: ಆಪರೇಟಿಂಗ್ ಸಿಸ್ಟಮ್ ಎಚ್ಚರಗೊಳ್ಳುವ ಮೊದಲಿನ ಬಯಾಸ್ ಪುಟದಲ್ಲಿಯೇ ದೋಷ ಕಾಣಿಸಿದರೆ ವಿಂಡೋಸ್ ನಿರಪರಾಧಿ.

ಲಂಬ ಗೆರೆಗಳನ್ನು ಕಂಡೊಡನೆ ‘ಕೇಬಲ್ ಲೂಸ್’ ಎನ್ನುವುದೂ ರೂಢಿ. ಗಾಜಿನ ಅಂಚಿನಲ್ಲಿ ಡ್ರೈವರ್ ಚಿಪ್ಪುಗಳನ್ನು ಹೊತ್ತ ತೆಳು ಫಿಲ್ಮನ್ನು ವಿದ್ಯುತ್ ಹರಿಯಬಲ್ಲ ಅಂಟಿನಿಂದ ಕೂಡಿಸಿರುತ್ತಾರೆ. ಪರದೆಯ ಚೌಕಟ್ಟನ್ನು ಮೀಟಿ ತೆಗೆಯುವಾಗ ಅಲ್ಲಿ ಒತ್ತಡ ಬಿದ್ದು ಆ ಬೆಸುಗೆ ಬಿಟ್ಟರೆ ಒಂದೋ ಹತ್ತೋ ಗೆರೆಗಳು ಖಾಯಂ ಆಗಿ ನಿಲ್ಲುತ್ತವೆ. ಹಿಂಜನ್ನು ಯಾವ ಕೋನಕ್ಕೆ ತಿರುಗಿಸಿದರೂ ಗೆರೆ ಕದಲದಿದ್ದರೆ ದೋಷ ಪರದೆಯೊಳಗಿನದು ಎನ್ನಬಹುದು, ಮತ್ತು ಅಂಥ ಪರದೆಯನ್ನು ಬದಲಿಸುವುದೇ ಸಾಮಾನ್ಯ ದಾರಿ. ಕೋನ ಬದಲಾದಂತೆ ಚಿತ್ರ ಮಿನುಗುವುದು, ಮಾಯವಾಗುವುದು, ಮರಳುವುದು ಕೇಬಲ್ಲಿನ ಲಕ್ಷಣ. ಇದಕ್ಕೆ ಪ್ರಸಿದ್ಧ ಉದಾಹರಣೆ 2016ರ ಮ್ಯಾಕ್‌ಬುಕ್ ಪ್ರೊ: ಹಿಂಜಿನ ಸುತ್ತ ಹಾದುಹೋಗುವ ಅದರ ಬ್ಯಾಕ್‌ಲೈಟ್ ಕೇಬಲ್ ಮುಚ್ಚಿ ತೆರೆಯುವಾಗ ಸವೆದು, ಮೊದಲು ಪರದೆಯ ಕೆಳಭಾಗದಲ್ಲಿ ರಂಗಮಂಚದ ದೀಪಗಳಂಥ ಬೆಳಕಿನ ಪಟ್ಟೆಗಳು ಮೂಡಿ, ಕೊನೆಗೆ ಪರದೆಯೇ ಆರಿಹೋಗುತ್ತಿತ್ತು. ಐಫಿಕ್ಸಿಟ್ ಸಂಸ್ಥೆ 2019ರ ಆರಂಭದಲ್ಲಿ ಇದನ್ನು ‘ಫ್ಲೆಕ್ಸ್‌ಗೇಟ್’ ಎಂದು ಕರೆದು ವಿವರಿಸಿತು. 2018ರ ಮಾದರಿಯಲ್ಲಿ ಆ ಕೇಬಲ್ 2 ಮಿಲಿಮೀಟರ್ ಉದ್ದವಾಗಿದ್ದುದನ್ನೂ ಅದು ತೋರಿಸಿತು. 2019ರ ಮೇ ತಿಂಗಳಲ್ಲಿ ಆಪಲ್ 13 ಇಂಚಿನ ಮಾದರಿಗಳಿಗೆ ಉಚಿತ ದುರಸ್ತಿ ಯೋಜನೆ ಪ್ರಕಟಿಸಿತು.

ಕೆಲವೊಮ್ಮೆ ಪರದೆ, ಕೇಬಲ್, ಬೋರ್ಡ್ ಮೂರೂ ಸರಿಯಿದ್ದೂ ಕತ್ತಲೆ ಉಳಿಯುತ್ತದೆ. ಮುಚ್ಚಳ ಮುಚ್ಚಿದೆಯೇ ತೆರೆದಿದೆಯೇ ಎಂಬುದನ್ನು ಲ್ಯಾಪ್‌ಟಾಪ್ ತಿಳಿಯುವುದು ಒಂದು ಚಿಕ್ಕ ಆಯಸ್ಕಾಂತ ಮತ್ತು ಅದನ್ನು ಗ್ರಹಿಸುವ ಹಾಲ್ ಸೆನ್ಸರಿನಿಂದ. ರಿಪೇರಿಯ ವೇಳೆ ಜಾಗ ತಪ್ಪಿದ ಆಯಸ್ಕಾಂತ ಈ ಸೆನ್ಸರಿನ ಬಳಿ ಹೋಗಿ ಅಂಟಿಕೊಂಡರೆ, ಅಥವಾ ಪರೀಕ್ಷೆಗೆಂದು ಒಂದು ಲ್ಯಾಪ್‌ಟಾಪನ್ನು ಇನ್ನೊಂದರ ಮೇಲಿಟ್ಟರೆ, ಮುಚ್ಚಳ ಮುಚ್ಚಿದೆಯೆಂದು ಬಗೆದ ಯಂತ್ರ ಪರದೆಯನ್ನು ತಾನೇ ಆರಿಸುತ್ತದೆ. ಡಿಡಿಆರ್5 ಮೆಮೊರಿಯ ಯಂತ್ರಗಳಲ್ಲಿ ಮೆಮೊರಿ ಬದಲಿಸಿದ ನಂತರದ ಮೊದಲ ಚಾಲನೆಯಲ್ಲಿ ಬೋರ್ಡು ಮೆಮೊರಿಯ ಜೊತೆ ವೇಗ ಹೊಂದಿಸಿಕೊಳ್ಳುವವರೆಗೆ ಕೆಲವು ನಿಮಿಷ ಪರದೆ ಕಪ್ಪಾಗಿರುವುದು ಸಹಜ. ತಾಳ್ಮೆಗೆಟ್ಟು ಪವರ್ ಬಟನ್ ಒತ್ತುತ್ತ ಹೋದವರಿಗೆ ಆ ಹೊಂದಾಣಿಕೆ ಮುಗಿಯುವುದೇ ಇಲ್ಲ.

ಇಂಚಿನ ಅಳತೆ ಒಂದೇ ಇದ್ದರೆ ಯಾವ ಪರದೆಯಾದರೂ ಹೊಂದುತ್ತದೆ ಎಂಬ ನಂಬಿಕೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಮಾರುಕಟ್ಟೆಗಳಲ್ಲಿ ಬಿಡಿಭಾಗ ಹುಡುಕುವವರಲ್ಲಿ ಕಾಣುತ್ತದೆ. ಹಳೆಯ ಯಂತ್ರಗಳ ಎಲ್‌ವಿಡಿಎಸ್ ಮತ್ತು ಈಗಿನ ಎಂಬೆಡೆಡ್ ಡಿಸ್‌ಪ್ಲೇಪೋರ್ಟ್ ಬೇರೆ ಬೇರೆ ಸಂಕೇತ ಪದ್ಧತಿಗಳು. ಎರಡರಲ್ಲೂ 40 ಪಿನ್ನಿನ, ನೋಡಲು ಒಂದೇ ಬಗೆಯ ಕನೆಕ್ಟರುಗಳು ಸಿಗುತ್ತವೆ, ಆದರೆ ಪಿನ್ನುಗಳ ಜೋಡಣೆ ಬೇರೆಯಿರುವುದರಿಂದ ಅದಲುಬದಲಾದರೆ ಪರದೆಗೂ ಬೋರ್ಡಿಗೂ ಹಾನಿಯಾಗಬಹುದು. 60 ಹರ್ಟ್ಸ್‌ನ ಸಾಮಾನ್ಯ ಪರದೆಗೆ 30 ಪಿನ್ ಸಾಕಾದರೆ 144 ಹರ್ಟ್ಸ್‌ನದಕ್ಕೆ 40 ಬೇಕಾಗುವುದು ವಾಡಿಕೆ. ಪರದೆಯ ಹಿಂಬದಿಯ ಚೀಟಿಯಲ್ಲಿರುವ ಪೂರ್ಣ ಮಾದರಿ ಸಂಖ್ಯೆಯೊಂದೇ ಖರೀದಿಗೆ ನಂಬಬಹುದಾದ ಆಧಾರ.

ಬಿಸಿಗಾಳಿಯಿಂದ ಅಥವಾ ಅಡುಗೆಯ ಓವನ್‌ನಿಂದ ಗ್ರಾಫಿಕ್ಸ್ ಚಿಪ್ಪನ್ನು ಕಾಯಿಸಿದರೆ ಬೋರ್ಡು ‘ಬದುಕುತ್ತದೆ’ ಎಂಬ ಉಪಾಯಕ್ಕೂ ಒಂದು ಚರಿತ್ರೆಯಿದೆ. 2008ರ ಜುಲೈಯಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಪ್ಯಾಕೇಜಿಂಗ್ ಸಾಮಗ್ರಿಯಲ್ಲಿ ದೌರ್ಬಲ್ಯವಿದೆಯೆಂದು ಒಪ್ಪಿ, ಅದರ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಪ್ರಕಟಿಸಿತು. ಅಂಥ ಚಿಪ್ಪುಗಳನ್ನು ಕಾಯಿಸಿದಾಗ ಒಳಗಿನ ಬಿರುಕುಬಿಟ್ಟ ಸೂಕ್ಷ್ಮ ಬೆಸುಗೆಗಳು ಹಿಗ್ಗಿ ತಾತ್ಕಾಲಿಕವಾಗಿ ತಾಗುತ್ತಿದ್ದುವು. ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ದೋಷ ಮರುಕಳಿಸುತ್ತಿತ್ತು. ಅದು ದುರಸ್ತಿಯಲ್ಲ, ಬ್ಯಾಟರಿ ಮತ್ತು ಪ್ಲಾಸ್ಟಿಕ್ ಇರುವ ಸಾಧನದ ಮಟ್ಟಿಗೆ ಸುರಕ್ಷಿತವೂ ಅಲ್ಲ.

ಉಳಿದದ್ದು ಗ್ರಾಹಕರ ಸಂದೇಹ: ರಿಪೇರಿಯವರು ಮೂಲ ಪರದೆಯನ್ನೇ ಬದಲಿಸಿಬಿಟ್ಟರೇ? ಬಣ್ಣ ಕೊಂಚ ಹಳದಿಯಾಗಿ ಕಂಡಿತೆಂಬುದು ಇದಕ್ಕೆ ಸಾಕ್ಷಿಯಾಗದು, ಏಕೆಂದರೆ ಡ್ರೈವರ್ ಅಥವಾ ‘ನೈಟ್ ಲೈಟ್’ ಸೆಟ್ಟಿಂಗ್ ಬದಲಾದರೂ ಹಾಗೆಯೇ ಕಾಣುತ್ತದೆ. ಪ್ರತಿ ಪರದೆಯೂ ತನ್ನ ತಯಾರಕ ಮತ್ತು ಮಾದರಿಯ ವಿವರವನ್ನು ಇಡಿಐಡಿ ಎಂಬ, ಕನಿಷ್ಠ 128 ಬೈಟ್‌ಗಳ ಪುಟ್ಟ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಮಾನಿಟರಿನ ಹಾರ್ಡ್‌ವೇರ್ ಐಡಿ ತೆರೆದರೆ ಅದರ ಸಂಕೇತ ಕಾಣುತ್ತದೆ. ಅದು ಮಾದರಿಯನ್ನು ಹೇಳುತ್ತದೆಯೇ ಹೊರತು ಅದೇ ಪರದೆಯೆಂದು ಸಾಬೀತುಪಡಿಸುವುದಿಲ್ಲ. ಆದರೂ ಲ್ಯಾಪ್‌ಟಾಪನ್ನು ಅಂಗಡಿಗೆ ಒಪ್ಪಿಸುವ ಮೊದಲು ಆ ಸಂಕೇತದ ಒಂದು ಚಿತ್ರ ತೆಗೆದಿಟ್ಟುಕೊಂಡು, ಮರಳಿ ಪಡೆಯುವಾಗ ಅಂಗಡಿಯಲ್ಲೇ ಪರದೆಯನ್ನು ಬೆಳಗಿಸಿ, ಹಿಂಜನ್ನು ಪೂರ್ತಿ ತೆರೆದು ಮುಚ್ಚಿ ನೋಡಿದ ಬಳಿಕವೇ ಹಣ ತೆರುವುದು ಲೇಸು.